ನಿಂಬೆ ಉಪ್ಪಿಗೆ ಬಿಸಿ ಕೊಟ್ಟು ಅಕೋನಿಟಿಕ್ ಆಮ್ಲ ಮಾಡಿ ನೋಡುವ ಬಗೆ

ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೊಡುವ ಸಿಟ್ರಿಕ್ ಆಸಿಡ್ ಕಾಯಿಸಿದರೆ ಎರಡು ಬೇರೆ ಆಮ್ಲಗಳಿಗೆ ದಾರಿ ಇದೆ. ತಾಳ್ಮೆಯಿಂದ, ಹದವಾಗಿ ಕಾಯಿಸಿದರೆ ಅಕೋನಿಟಿಕ್ ಆಮ್ಲ. ಜೋರು ಉರಿಯಲ್ಲಿ ಬೇಗ ಬಟ್ಟಿ ಇಳಿಸಿದರೆ ಇಟಾಕೋನಿಕ್ ಆಮ್ಲ. ಎರಡರ ನಡುವೆ ಅಡ್ಡಾಡಿದರೆ ಕಂದು ಬಣ್ಣದ ಅಂಟು, ಲ್ಯಾಬ್ ತುಂಬ ಕೆಮ್ಮು. ಪ್ರಾಜೆಕ್ಟ್ ಅಂತ ಬರುವ ಮಕ್ಕಳಲ್ಲಿ ಹೆಚ್ಚಿನವರು ಮಾಡಿಕೊಳ್ಳುವುದು ಈ ಮೂರನೆಯದನ್ನೇ.

ನಾನು ಹಾಸನದ ಒಂದು ಪದವಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್. ಅಕೋನಿಟಿಕ್ ಆಮ್ಲದ ಗುಣಗಳ ಪಟ್ಟಿ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ: ಅಣುತೂಕ 174, ಬಿಳಿ ಹರಳು, ನೀರಿನಲ್ಲಿ ಕರಗುತ್ತದೆ, ಮೂರು ಕಾರ್ಬಾಕ್ಸಿಲ್ ಗುಂಪು, ಒಂದು ದ್ವಿಬಂಧ. ಬಾಯಿಪಾಠ ಮಾಡಿದವರಿಗೆ ಪರೀಕ್ಷೆ ಮುಗಿದ ಮೇಲೆ ಇದರಲ್ಲಿ ಒಂದೂ ನೆನಪಿರಲ್ಲ. ಬಿಸಿ ಏರಿದಂತೆ ಅಣುವಿನಿಂದ ಯಾವುದು ಮೊದಲು ಬಿಟ್ಟುಹೋಗುತ್ತದೆ, ಯಾವುದು ಆಮೇಲೆ ಅಂತ ಕಣ್ಣಾರೆ ನೋಡಿದವರಿಗೆ ಮಾತ್ರ ನೆನಪಿರುತ್ತದೆ. ಮೊದಲು ಹೋಗುವುದು ನೀರು. ಆಮೇಲೆ ಕಾರ್ಬನ್ ಡೈಆಕ್ಸೈಡ್. ಕೆಳಗಿನದೆಲ್ಲ ಆ ಎರಡನ್ನು ಬೇರೆಬೇರೆಯಾಗಿ ಹಿಡಿಯುವ ಉಪಾಯ.

ಮೊದಲೇ ಒಂದು ಮಾತು. ಇದನ್ನು ಅಡುಗೆಮನೆಯಲ್ಲಿ ಮಾಡಬೇಡಿ. ಸಿಟ್ರಿಕ್ ಆಸಿಡ್ ತಿನ್ನುವ ವಸ್ತು, ಆದರೆ ಅದನ್ನು ಸುಟ್ಟಾಗ ಏಳುವ ಹೊಗೆ ಮೂಗು, ಕಣ್ಣು, ಗಂಟಲು ಎಲ್ಲವನ್ನೂ ಉರಿಸುತ್ತದೆ. ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಕಬೋರ್ಡ್ ಇರುವ ಲ್ಯಾಬು, ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಗೊತ್ತಿರುವವರೊಬ್ಬರು, ಇಷ್ಟು ಬೇಕೇ ಬೇಕು. ಗೀಸರಿನ ಸುಣ್ಣ ಬಿಡಿಸಲು ಮನೆಯಲ್ಲಿ ನಿಂಬೆ ಉಪ್ಪು ಹಾಕುವವರು ನೀರು ಬತ್ತದ ಹಾಗೆ ನೋಡಿಕೊಂಡರೆ ಸಾಕು. ನೀರಿರುವ ತನಕ ಬಿಸಿ ನೂರು ಡಿಗ್ರಿ ದಾಟುವುದಿಲ್ಲ, ಅಷ್ಟರಲ್ಲಿ ಈ ಯಾವ ಬದಲಾವಣೆಯೂ ಶುರುವಾಗುವುದಿಲ್ಲ.

ಸಾಮಾನು ಹೆಚ್ಚೇನಿಲ್ಲ. ಗಟ್ಟಿ ಗಾಜಿನ ಬಾಯ್ಲಿಂಗ್ ಟ್ಯೂಬ್, ಮರಳು ತುಂಬಿದ ಕಬ್ಬಿಣದ ಬಾಣಲೆ, 360 ಡಿಗ್ರಿ ತನಕ ಓದುವ ಥರ್ಮಾಮೀಟರ್, ರಬ್ಬರ್ ಬಿರಡೆ, ಬಾಗಿದ ಗಾಜಿನ ಕೊಳವೆ, ಸುಣ್ಣದ ತಿಳಿನೀರು, ತಕ್ಕಡಿ. ಸಿಟ್ರಿಕ್ ಆಸಿಡ್ ಲ್ಯಾಬಿನ ಬಾಟಲಿಯದೇ ಆಗಬೇಕೆಂದಿಲ್ಲ. ಕಟ್ಟಿನಕೆರೆ ಮಾರ್ಕೆಟ್ ಕಡೆಯ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಕೊಡುವುದರಲ್ಲೂ ಆಗುತ್ತದೆ. ಆದರೆ ಅದು ಯಾವ ಬಗೆಯದು ಅಂತ ಮೊದಲು ತಿಳಿದುಕೊಳ್ಳಬೇಕು. ಸಿಟ್ರಿಕ್ ಆಸಿಡ್ ಎರಡು ರೂಪದಲ್ಲಿ ಮಾರಾಟವಾಗುತ್ತದೆ: ಪ್ರತಿ ಅಣುವಿನ ಜೊತೆ ಒಂದು ನೀರಿನ ಅಣು ಕಟ್ಟಿಕೊಂಡ ಮಾನೋಹೈಡ್ರೇಟ್, ಅದರ ಅಣುತೂಕ 210, ನೀರಿಲ್ಲದ್ದು 192. ಒಣಗಿದ ಟ್ಯೂಬಿನಲ್ಲಿ ಒಂದು ಚಿಟಿಕೆ ಹಾಕಿ ಸಣ್ಣ ಉರಿ ತೋರಿಸಿ. ಹರಳು ಕರಗಿ ಬಣ್ಣ ತಿರುಗುವ ಮೊದಲೇ ಟ್ಯೂಬಿನ ಮೇಲ್ಭಾಗದಲ್ಲಿ ನೀರಿನ ಹನಿ ಕೂತರೆ ಮಾನೋಹೈಡ್ರೇಟ್. ಇದನ್ನು ಬಿಟ್ಟು ಮುಂದೆ ಹೋದರೆ ತೂಕದ ಲೆಕ್ಕ ಒಂದೂ ಸರಿಬರುವುದಿಲ್ಲ. ಮಳೆಗಾಲದಲ್ಲಂತೂ ಸಕಲೇಶಪುರದ ಕಡೆಯಿಂದ ಬರುವ ಹುಡುಗರ ಪೊಟ್ಟಣ ಗಂಟುಗಂಟಾಗಿರುತ್ತದೆ, ಗಾಳಿಯ ತೇವವನ್ನೂ ಸೇರಿಸಿಕೊಂಡು.

ಥರ್ಮಾಮೀಟರನ್ನೂ ಒಮ್ಮೆ ಪರೀಕ್ಷಿಸಿ. ಕುದಿಯುವ ನೀರಿನ ಆವಿಯಲ್ಲಿ ಹಿಡಿದರೆ ಹಾಸನದಲ್ಲಿ ಅದು 100 ತೋರಿಸಬಾರದು, ಸುಮಾರು 97 ತೋರಿಸಬೇಕು. ನಾವಿರುವುದು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 950 ಮೀಟರ್ ಎತ್ತರದಲ್ಲಿ. ಇಲ್ಲಿ ನೂರು ಓದುವ ಥರ್ಮಾಮೀಟರ್ ಮೂರು ಡಿಗ್ರಿ ಸುಳ್ಳು ಹೇಳುತ್ತಿದೆ. ನಮ್ಮ ಕೆಲಸಕ್ಕೆ ಆ ಮೂರು ಡಿಗ್ರಿ ಬೇಕು.

ಈಗ ನಿಧಾನದ ದಾರಿ. ಮಾನೋಹೈಡ್ರೇಟ್ 10 ಗ್ರಾಂ ತೂಗಿ ಟ್ಯೂಬಿಗೆ ಹಾಕಿ, ಟ್ಯೂಬನ್ನು ಮರಳಿನಲ್ಲಿ ಹೂತು, ಥರ್ಮಾಮೀಟರಿನ ಬುಡ ಆಮ್ಲದೊಳಗೆ ಇರುವಂತೆ ಸ್ಟ್ಯಾಂಡಿಗೆ ಬಿಗಿಯಿರಿ. ಥರ್ಮಾಮೀಟರಿನಿಂದ ಕದಡಬೇಡಿ, ಒಳಗಿರುವುದು ಪಾದರಸ. ಉರಿ ಸಣ್ಣಗಿರಲಿ. ಮೊದಲು ಹರಳಿನ ನೀರು ಹೋಗುತ್ತದೆ. ಲೆಕ್ಕದ ಪ್ರಕಾರ 0.86 ಗ್ರಾಂ. ನೀರಿಲ್ಲದ ಸಿಟ್ರಿಕ್ ಆಮ್ಲ 153 ಡಿಗ್ರಿಯಲ್ಲಿ ಕರಗಿ ತಿಳಿಯಾದ ದ್ರವವಾಗುತ್ತದೆ. ಇಲ್ಲಿಂದ 175ರ ತನಕದ ಹಾದಿಯೇ ಎಲ್ಲಕ್ಕಿಂತ ಮುಖ್ಯ. 175ರ ಹತ್ತಿರ ದ್ರವದಲ್ಲಿ ಗುಳ್ಳೆ ಏಳುತ್ತದೆ, ಮೇಲೆ ಮತ್ತೆ ನೀರು ಹನಿಗಟ್ಟುತ್ತದೆ. ಈ ನೀರು ಹರಳಿನಿಂದ ಬಂದದ್ದಲ್ಲ. ಸಿಟ್ರಿಕ್ ಆಮ್ಲದ ನಡುವಿನ ಕಾರ್ಬನ್ನಿನ ಮೇಲಿದ್ದ ಹೈಡ್ರಾಕ್ಸಿಲ್ ಗುಂಪು ಪಕ್ಕದ ಕಾರ್ಬನ್ನಿನ ಹೈಡ್ರೋಜನ್ ಒಂದನ್ನು ಎಳೆದುಕೊಂಡು ನೀರಾಗಿ ಹೊರಗೆ ಬಂದದ್ದು. ಅದು ಬಿಟ್ಟ ಜಾಗದಲ್ಲಿ ದ್ವಿಬಂಧ. ಅಣುವಿನಲ್ಲಿ ಆರು ಕಾರ್ಬನ್, ಆರು ಹೈಡ್ರೋಜನ್, ಆರು ಆಕ್ಸಿಜನ್ ಉಳಿಯುತ್ತವೆ. 192ರಲ್ಲಿ 18 ಕಳೆದು 174. ಅದೇ ಅಕೋನಿಟಿಕ್ ಆಮ್ಲ.

ಹೊರಬಂದದ್ದು ನೀರೇ ಅಂತ ನಂಬಿಕೆ ಬರಬೇಕಾದರೆ ಬಿಳಿಯ ನಿರ್ಜಲ ಕಾಪರ್ ಸಲ್ಫೇಟ್ ಪುಡಿ ಅಂಟಿಸಿದ ಗಾಜಿನ ಕಡ್ಡಿ ತಗುಲಿಸಿ ನೋಡಿ, ನೀಲಿಯಾಗುತ್ತದೆ. ಇನ್ನು ನಿಲ್ಲಿಸುವುದು ಯಾವಾಗ? ಎರಡು ಗುರುತು. ಒಂದು, ತಕ್ಕಡಿ. ಟ್ಯೂಬನ್ನು ಆಗಾಗ ತೆಗೆದು, ಆರಿಸಿ, ಮೇಲ್ಭಾಗದ ಒಳಗೋಡೆಗೆ ಅಂಟಿದ ನೀರನ್ನು ಸುತ್ತಿದ ಫಿಲ್ಟರ್ ಪೇಪರಿನಿಂದ ಒರೆಸಿ ತೂಗಿ. ಒರೆಸದೆ ತೂಗಿದರೆ ಹೋದ ನೀರು ಹೋಗಿಯೇ ಇಲ್ಲ ಅಂತ ಲೆಕ್ಕ ಬರುತ್ತದೆ. ಒಟ್ಟು ನಷ್ಟ 1.7 ಗ್ರಾಂ ಹತ್ತಿರ ಬಂದರೆ ಎರಡೂ ನೀರು ಹೋದ ಹಾಗೆ. ಎರಡನೆಯ ಗುರುತು ಸುಣ್ಣದ ತಿಳಿನೀರು. ಬಿರಡೆಯಿಂದ ಕೊಳವೆ ಹಾಯಿಸಿ ತಿಳಿನೀರಿಗೆ ಬಿಟ್ಟಿರಿ. ಅದು ಹಾಲಿನಂತಾಗಲು ತೊಡಗಿತು ಅಂದರೆ ಕಾರ್ಬನ್ ಡೈಆಕ್ಸೈಡ್ ಬರುತ್ತಿದೆ, ಅಕೋನಿಟಿಕ್ ಆಮ್ಲ ಒಡೆಯುತ್ತಿದೆ, ತಕ್ಷಣ ನಿಲ್ಲಿಸಿ. ನಿಲ್ಲಿಸುವಾಗ ಮೊದಲು ಕೊಳವೆಯನ್ನು ನೀರಿನಿಂದ ತೆಗೆದು, ಆಮೇಲೆ ಉರಿ ಆರಿಸಿ. ಉಲ್ಟಾ ಮಾಡಿದರೆ ತಣ್ಣೀರು ಹಿಂದಕ್ಕೆ ಹೀರಿಕೊಂಡು ಬಿಸಿ ಟ್ಯೂಬು ಸಿಡಿಯುತ್ತದೆ.

ಪುಸ್ತಕದಲ್ಲಿ ಬಾಣದ ಗುರುತು ಹಾಕಿ ಒಂದಾದ ಮೇಲೊಂದು ಬರೆದಿರುತ್ತಾರೆ. ಟ್ಯೂಬಿನೊಳಗೆ ಅಷ್ಟು ಶಿಸ್ತು ಇರಲ್ಲ. ಸ್ವಲ್ಪ ಸಿಟ್ರಿಕ್ ಆಮ್ಲ ಇನ್ನೂ ಹಾಗೇ ಇರುವಾಗಲೇ ಸ್ವಲ್ಪ ಅಕೋನಿಟಿಕ್ ಒಡೆಯಲು ಹೊರಟಿರುತ್ತದೆ. ಹಾಗಾಗಿ ಆರಿದ ಮೇಲೆ ಸಿಗುವ ಜೇನುಬಣ್ಣದ ಗಟ್ಟಿ ಅಂಟು ಮಿಶ್ರಣವೇ ಹೊರತು ಶುದ್ಧ ಆಮ್ಲ ಅಲ್ಲ. ದ್ವಿಬಂಧ ಹುಟ್ಟಿದೆಯೇ ಅಂತ ತೋರಿಸಲು ಇಷ್ಟು ಸಾಕು.

ಅದನ್ನು ತೋರಿಸುವುದು ಹೀಗೆ. ಎರಡು ಟ್ಯೂಬು. ಒಂದರಲ್ಲಿ ಕಾಯಿಸದ ಸಿಟ್ರಿಕ್ ಆಸಿಡ್, ಇನ್ನೊಂದರಲ್ಲಿ ನಮ್ಮ ಅಂಟು, ಎರಡನ್ನೂ ನೀರಿನಲ್ಲಿ ಕರಗಿಸಿ ಪೂರ್ತಿ ಆರಿಸಿ. ನೊರೆ ನಿಲ್ಲುವ ತನಕ ಎರಡಕ್ಕೂ ಸೋಡಿಯಂ ಕಾರ್ಬನೇಟ್ ದ್ರಾವಣ ಹಾಕಿ. ಆಮೇಲೆ ತೆಳುವಾದ ಪೊಟ್ಯಾಸಿಯಂ ಪರ್ಮಾಂಗನೇಟನ್ನು ಹನಿಹನಿಯಾಗಿ ಬಿಡಿ. ಅಂಟಿನ ಟ್ಯೂಬಿನಲ್ಲಿ ನೇರಳೆ ಬಣ್ಣ ಬೇಗ ಹೋಗಿ ಕಂದು ಗಸಿ ಬರುತ್ತದೆ, ಸಿಟ್ರಿಕ್ ಟ್ಯೂಬಿನಲ್ಲಿ ನೇರಳೆ ನಿಲ್ಲುತ್ತದೆ. ಪಿಯುಸಿಯಲ್ಲಿ ಬೇಯರ್ ಪರೀಕ್ಷೆ ಅಂತ ಮಾಡಿದ್ದು ಇದನ್ನೇ. ಬಿಸಿ ಮಾತ್ರ ತೋರಿಸಬೇಡಿ. ಬೆಚ್ಚಗಾದರೆ ಸಿಟ್ರಿಕ್ ಆಮ್ಲವೂ ಪರ್ಮಾಂಗನೇಟಿನ ಬಣ್ಣ ಕಳೆಯುತ್ತದೆ, ಆಗ ಎರಡು ಟ್ಯೂಬೂ ಒಂದೇ. ಬ್ರೋಮಿನ್ ನೀರಿನ ಪರೀಕ್ಷೆಯನ್ನು ನಾನು ಇಲ್ಲಿ ಮಾಡಿಸುವುದಿಲ್ಲ. ದ್ವಿಬಂಧದ ಸುತ್ತ ಮೂರು ಕಾರ್ಬಾಕ್ಸಿಲ್ ಗುಂಪುಗಳು ಎಲೆಕ್ಟ್ರಾನುಗಳನ್ನು ತಮ್ಮ ಕಡೆ ಎಳೆದುಕೊಂಡು ಕೂತಿರುವುದರಿಂದ ಬ್ರೋಮಿನ್ ಅಲ್ಲಿ ಸೇರುವುದು ಬಲು ನಿಧಾನ. ಕಾಯಲಾರದ ಹುಡುಗರು ದ್ವಿಬಂಧವೇ ಇಲ್ಲ ಅಂತ ರೆಕಾರ್ಡಿನಲ್ಲಿ ಬರೆದುಬಿಡುತ್ತಾರೆ.

ಶುದ್ಧವಾದದ್ದೇ ಬೇಕು ಅನ್ನುವ ಎಂ.ಎಸ್ಸಿ. ಮಕ್ಕಳಿಗೆ ಸಲ್ಫ್ಯೂರಿಕ್ ಆಸಿಡ್ಡಿನ ದಾರಿ ಇದೆ. ನೀರನ್ನು ಬಿಡಿಸುವ ಕೆಲಸ ಸಲ್ಫ್ಯೂರಿಕ್ ಆಸಿಡ್ ಮಾಡಿಕೊಡುವುದರಿಂದ 175 ಮುಟ್ಟಬೇಕಿಲ್ಲ, 140ರಿಂದ 145 ಡಿಗ್ರಿಯ ಎಣ್ಣೆಯ ಬಾಣಲೆ ಸಾಕು. ಮಾನೋಹೈಡ್ರೇಟ್ 21 ಗ್ರಾಂ, ನೀರು 10.5 ಗ್ರಾಂ, ತೀಕ್ಷ್ಣ ಸಲ್ಫ್ಯೂರಿಕ್ ಆಸಿಡ್ 21 ಗ್ರಾಂ. ಆಸಿಡ್ಡನ್ನು ನೀರಿಗೆ ಸ್ವಲ್ಪಸ್ವಲ್ಪವೇ ಹಾಕಬೇಕು, ನೀರನ್ನು ಆಸಿಡ್ಡಿಗೆ ಯಾವತ್ತೂ ಹಾಕಬಾರದು. ಆವಿಯನ್ನು ತಣಿಸಿ ಮತ್ತೆ ಪಾತ್ರೆಗೇ ಇಳಿಸುವ ರಿಫ್ಲಕ್ಸ್ ಕಂಡೆನ್ಸರ್ ಕೂರಿಸಿ ಸುಮಾರು ಏಳು ಗಂಟೆ. ಬೆಳಿಗ್ಗೆ ಲ್ಯಾಬ್ ತೆರೆದಾಗ ಇಟ್ಟರೆ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಆಗುತ್ತದೆ, ನಡುವೆ ಊಟಕ್ಕೆ ಹೋಗುವವರು ಒಬ್ಬೊಬ್ಬರಾಗಿ ಹೋಗಬೇಕು. ತಣಿಸಿದಾಗ ಹರಳು ಕೂರುತ್ತದೆ. ಸೋಸಿದ ಮೇಲೆ ನೀರಿನಲ್ಲಿ ತೊಳೆಯುವ ಆಸೆ ಬೇಡ, ಮಾಡಿದ್ದೆಲ್ಲ ಕರಗಿ ಸಿಂಕಿಗೆ ಹೋಗುತ್ತದೆ. ತೀಕ್ಷ್ಣ ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ತೊಳೆಯಬೇಕು, ಅದರಲ್ಲಿ ಅಕೋನಿಟಿಕ್ ಆಮ್ಲ ಕಡಿಮೆ ಕರಗುತ್ತದೆ. ಇಳುವರಿ ಶೇಕಡಾ 40ರ ಸುತ್ತ ಬಂದರೆ ಅದು ಒಳ್ಳೆಯ ಕೆಲಸ.

ಕರಗುವ ಬಿಂದು ನೋಡುವಾಗ ಗಾಬರಿಯಾಗಬೇಡಿ. ಒಂದು ಪುಸ್ತಕ 190 ಅನ್ನುತ್ತದೆ, ಇನ್ನೊಂದು 198. ಈ ಆಮ್ಲ ಕರಗುತ್ತಾ ಕರಗುತ್ತಾ ಒಡೆಯುವುದರಿಂದ ನೀವು ಎಷ್ಟು ಬೇಗ ಬಿಸಿ ಏರಿಸುತ್ತೀರಿ ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ. ದ್ವಿಬಂಧದ ಆಚೀಚೆ ಗುಂಪುಗಳು ಕೂರುವ ಬಗೆಯಿಂದ ಈ ಆಮ್ಲಕ್ಕೆ ಸಿಸ್, ಟ್ರಾನ್ಸ್ ಅಂತ ಎರಡು ರೂಪ. ಇದು ಟ್ರಾನ್ಸ್ ರೂಪದ ಲೆಕ್ಕ. ಸಿಸ್ ರೂಪ 125ರ ಹತ್ತಿರವೇ ಒಡೆಯುತ್ತದೆ, ಬಿಸಿಯಲ್ಲಿ ಟ್ರಾನ್ಸ್ ಕಡೆಗೆ ತಿರುಗಿಕೊಳ್ಳುತ್ತದೆ. ಹಾಗಾಗಿ ಕಾಯಿಸಿ ಮಾಡಿದ್ದರಲ್ಲಿ ಟ್ರಾನ್ಸ್ ರೂಪವೇ ಹೆಚ್ಚು.

ನನಗೆ ಕರಗುವ ಬಿಂದುವಿಗಿಂತ ಬ್ಯೂರೆಟ್ಟಿನ ಮೇಲೆ ನಂಬಿಕೆ ಜಾಸ್ತಿ. ಚೆನ್ನಾಗಿ ಒಣಗಿಸಿದ ಹರಳು 0.145 ಗ್ರಾಂ ತೂಗಿ, ನೀರಿನಲ್ಲಿ ಕರಗಿಸಿ, ಫಿನಾಲ್ಫ್ಥಲೀನ್ ಹಾಕಿ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಬಿಡಿ. ಅಕೋನಿಟಿಕ್ ಆಮ್ಲದ ಮೂರು ಹೈಡ್ರೋಜನ್‌ಗಳ ಲೆಕ್ಕದಲ್ಲಿ ಅದರ ತುಲ್ಯತೂಕ, ಅಂದರೆ ಒಂದು ಹೈಡ್ರೋಜನ್ ಪಾಲಿಗೆ ಬರುವ ತೂಕ, 58, ಆದ್ದರಿಂದ 25 ಮಿಲೀ ಬೇಕು. ನೀರಿಲ್ಲದ ಸಿಟ್ರಿಕ್ ಆಮ್ಲವಾಗಿದ್ದರೆ 22.6ಕ್ಕೇ ಗುಲಾಬಿ ಬಣ್ಣ ನಿಲ್ಲುತ್ತದೆ. ಮಾನೋಹೈಡ್ರೇಟ್ ಆಗಿದ್ದರೆ 20.7ಕ್ಕೆ. ನಡುವಿನ ಅಂಕಿ ಬಂದರೆ ಮಿಶ್ರಣ, ಅಥವಾ ಹರಳು ಸರಿಯಾಗಿ ಒಣಗಿಲ್ಲ. ಜುಲೈ, ಆಗಸ್ಟಿನಲ್ಲಿ ನಮ್ಮೂರಲ್ಲಿ ಎರಡನೆಯದೇ ಹೆಚ್ಚು. ತೊಳೆದ ಹೈಡ್ರೋಕ್ಲೋರಿಕ್ ಆಸಿಡ್ ಹರಳಿಗೆ ಅಂಟಿಕೊಂಡಿದ್ದರೆ 25ಕ್ಕಿಂತ ಮೇಲೂ ಹೋಗಬಹುದು. ಸಿಲ್ವರ್ ನೈಟ್ರೇಟ್ ಒಂದು ಹನಿ ಹಾಕಿದರೆ ಅದೂ ಗೊತ್ತಾಗುತ್ತದೆ. ಇಟಾಕೋನಿಕ್ ಆಮ್ಲಕ್ಕೆ ಬೇಕಾಗುವುದು 22.3 ಮಿಲೀ. ಸಿಟ್ರಿಕ್‌ಗೂ ಇದಕ್ಕೂ ಇರುವ ಅಂತರ ಬಲು ಸಣ್ಣದು. ಅವೆರಡನ್ನು ಬೇರೆ ಮಾಡಲು ಪರ್ಮಾಂಗನೇಟೇ ಬೇಕು.

ಇನ್ನು ಅವಸರದ ದಾರಿ. ಸ್ವಿಟ್ಜರ್ಲೆಂಡಿನ ಸ್ಯಾಮ್ಯುಯೆಲ್ ಬೌಪ್ 1837ರಲ್ಲಿ ಇಟಾಕೋನಿಕ್ ಆಮ್ಲ ಕಂಡುಕೊಂಡದ್ದು ಸಿಟ್ರಿಕ್ ಆಮ್ಲವನ್ನು ಬಟ್ಟಿ ಇಳಿಸಿಯೇ. ಇಲ್ಲಿ ನಿಯಮ ಪೂರ್ತಿ ತಲೆಕೆಳಗು. ಸಣ್ಣ ಉರಿ ಇಟ್ಟರೆ ಕೆಟ್ಟಿತು. ಡಿಸ್ಟಿಲೇಷನ್ ಫ್ಲಾಸ್ಕಿಗೆ ಮಾನೋಹೈಡ್ರೇಟ್ 20 ಗ್ರಾಂ ಹಾಕಿ, ಮರಳು ಗಿರಳು ಇಲ್ಲದೆ ಬರ್ನರಿನ ನೇರ ಉರಿ ಕೊಟ್ಟು ಬೇಗ ಕರಗಿಸಿ, ಹತ್ತು ಹನ್ನೆರಡು ನಿಮಿಷದೊಳಗೆ ಬಟ್ಟಿ ಮುಗಿಸಬೇಕು. ಆವಿಯ ಬಿಸಿ 175ರಿಂದ 190ರ ನಡುವೆ ಇರುವಾಗ ಬರುವುದು ನಮಗೆ ಬೇಕಾದದ್ದು. ನೀರು ಹೋಗಿ, ಕಾರ್ಬನ್ ಡೈಆಕ್ಸೈಡ್ ಹೋಗಿ, ಇನ್ನೊಂದು ನೀರೂ ಹೋಗಿ, ಆಮ್ಲದಿಂದ ನೀರು ಕಳೆದ ರೂಪವಾದ ಇಟಾಕೋನಿಕ್ ಆನ್‌ಹೈಡ್ರೈಡ್ ಇಳಿಯುತ್ತದೆ. ಜೊತೆಗೆ ನೀರೂ ಇಳಿಯುವುದರಿಂದ ಎರಡು ಪದರ ಕಾಣುತ್ತದೆ. ಕೆಳಗಿನದು ಆನ್‌ಹೈಡ್ರೈಡ್. ಅದು 68ರ ಹತ್ತಿರ ಗಟ್ಟಿಯಾಗುವ ವಸ್ತು. ಕಂಡೆನ್ಸರಿನ ನೀರು ತೀರ ತಣ್ಣಗಿದ್ದರೆ ಒಳಗೇ ಕೂತು ದಾರಿ ಕಟ್ಟಬಹುದು, ಕಣ್ಣಿಟ್ಟಿರಿ. ಕಟ್ಟಿತು ಅನ್ನಿಸಿದ ಕ್ಷಣ ಉರಿ ತೆಗೆಯಿರಿ. ತಡವಾದರೆ, ಅಥವಾ ಬಿಸಿ ಅತಿಯಾದರೆ, ಆನ್‌ಹೈಡ್ರೈಡಿನ ದ್ವಿಬಂಧ ಜಾಗ ಬದಲಿಸಿ ಸಿಟ್ರಾಕೋನಿಕ್ ಆನ್‌ಹೈಡ್ರೈಡ್ ಆಗುತ್ತದೆ. ಅದು ಹಾಸನದ ಚಳಿಯಲ್ಲೂ ದ್ರವವಾಗಿಯೇ ಉಳಿಯುತ್ತದೆ, 7 ಡಿಗ್ರಿಗಿಂತ ಕೆಳಗೆ ಇಳಿಸಿದರೆ ಮಾತ್ರ ಹೆಪ್ಪುಗಟ್ಟುತ್ತದೆ. ರಿಸೀವರಿನಲ್ಲಿ ಗಟ್ಟಿಯಾಗದ ಎಣ್ಣೆ ಉಳಿದರೆ ಅರ್ಥ ಇದೇ.

ಇಳಿದದ್ದಕ್ಕೆ ಸ್ವಲ್ಪ ನೀರು ಸೇರಿಸಿ ಒಂದು ಗಂಟೆ ಬಿಸಿನೀರಿನ ಮೇಲಿಟ್ಟು, ಆಮೇಲೆ ತಣ್ಣಗೆ ಬಿಡಿ. ಇಟಾಕೋನಿಕ್ ಆಮ್ಲ 20 ಡಿಗ್ರಿಯಲ್ಲಿ 100 ಮಿಲೀ ನೀರಿಗೆ ಸುಮಾರು 8 ಗ್ರಾಂ ಮಾತ್ರ ಕರಗುವುದರಿಂದ ಬಿಳಿ ಹರಳಾಗಿ ಕೂರುತ್ತದೆ. ಕರಗುವ ಬಿಂದು 165ರ ಮೇಲೆ, ಅಕೋನಿಟಿಕ್‌ನಂತೆ ಸತಾಯಿಸುವುದಿಲ್ಲ. ಆನ್‌ಹೈಡ್ರೈಡಿನ ಆವಿ ಮೂಗಿಗೆ ಹೋಗಬಾರದು. ಫ್ಯೂಮ್ ಕಬೋರ್ಡ್ ಕೆಟ್ಟಿದ್ದರೆ ಈ ಭಾಗವನ್ನು ಬಿಟ್ಟುಬಿಡಿ, ಪ್ರಾಜೆಕ್ಟಿಗೆ ಮೊದಲರ್ಧವೇ ಸಾಕು. ಈಗ ಕಾರ್ಖಾನೆಗಳು ಇಟಾಕೋನಿಕ್ ಆಮ್ಲಕ್ಕೆ ಸಿಟ್ರಿಕ್ ಆಮ್ಲ ಸುಡುವುದಿಲ್ಲ. ಆಸ್ಪರ್ಜಿಲಸ್ ಟೆರಿಯಸ್ ಅನ್ನುವ ಬೂಷ್ಟಿಗೆ ಸಕ್ಕರೆ ತಿನ್ನಿಸಿ ಮಾಡಿಸುತ್ತವೆ.

ಹೆಸರಿನ ಭಯ ಬೇಡ. ವತ್ಸನಾಭಿಯ ಜಾತಿಯ ಗಿಡದಿಂದ ಈ ಆಮ್ಲಕ್ಕೆ ಹೆಸರು ಬಂದಿದೆ, ನಿಜ. ಆ ಗಿಡದ ವಿಷ ಅಕೋನಿಟೀನ್ ಅನ್ನುವ ಬೇರೆಯೇ ವಸ್ತು, ಈ ಆಮ್ಲ ಅಲ್ಲ. ಕಬ್ಬಿನ ಹಾಲಿನಲ್ಲಿ ಇರುವ ಸಾವಯವ ಆಮ್ಲಗಳಲ್ಲಿ ಎಲ್ಲಕ್ಕಿಂತ ಹೆಚ್ಚಿರುವುದು ಅಕೋನಿಟಿಕ್ ಆಮ್ಲವೇ. ಚನ್ನರಾಯಪಟ್ಟಣದ ಕಡೆ ನಮ್ಮ ತವರಿನಲ್ಲಿ ಆಲೆಮನೆ ಇದೆ. ಇದನ್ನು ಹೇಳಿದಾಗ ನಮ್ಮಣ್ಣ ಒಲೆಗೆ ಸಿಪ್ಪೆ ತಳ್ಳುತ್ತಾ, "ಏನವ್ವ, ಇಷ್ಟು ವರ್ಷ ಆಸಿಡ್ ಕುಡಿಸ್ತಿದ್ದೀವಿ ಅಂತಾನಾ ಊರಿಗೆಲ್ಲ?" ಅಂದ. ಹೌದಣ್ಣ, ಅದಕ್ಕೇ ಅಲ್ಲವೇ ನೀನು ಕೊಪ್ಪರಿಗೆಗೆ ಸುಣ್ಣ ಹಾಕುವುದು ಅಂದೆ. ಕಬ್ಬಿನ ಹಾಲಿನ ಹುಳಿ ತಗ್ಗದಿದ್ದರೆ ಕುದಿಯುವಾಗ ಸಕ್ಕರೆ ಒಡೆದು ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ಅಂಟಂಟಾಗುತ್ತದೆ. ಸುಣ್ಣ ಆ ಹುಳಿಯನ್ನು ಹಿಡಿಯುತ್ತದೆ. ಇಲ್ಲಿ ಯಾರೂ ಸಿಟ್ರಿಕ್ ಆಮ್ಲ ಕಾಯಿಸಿಲ್ಲ, ಗಿಡವೇ ಮಾಡಿಕೊಂಡದ್ದು. ಸಕ್ಕರೆ ಕಾರ್ಖಾನೆಯ ಪಾತ್ರೆಗಳಲ್ಲಿ ಕಟ್ಟುವ ಗಟ್ಟಿ ಪದರದಲ್ಲೂ ಕಾಕಂಬಿಯಲ್ಲೂ ಇದು ಕ್ಯಾಲ್ಸಿಯಂ ಮೆಗ್ನೀಸಿಯಂ ಲವಣವಾಗಿ ಸೇರಿಕೊಳ್ಳುತ್ತದೆ. ಅಮೆರಿಕದ ಲೂಸಿಯಾನಾದಲ್ಲಿ 1940ರ ದಶಕದಲ್ಲಿ ಕಾಕಂಬಿಗೆ ಸುಣ್ಣ, ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ ಈ ಲವಣವನ್ನು ಬೇರ್ಪಡಿಸಿ ವ್ಯಾಪಾರಕ್ಕೇ ಇಳಿಸಿದ್ದರು.

ಜೀವಶಾಸ್ತ್ರ ಓದುವವರು ಈ ಹೆಸರನ್ನು ಜೀವಕೋಶ ಆಹಾರದಿಂದ ಶಕ್ತಿ ತೆಗೆಯುವ ಕ್ರೆಬ್ಸ್ ಚಕ್ರದಲ್ಲಿ ಕೇಳಿರುತ್ತಾರೆ. ನಮ್ಮ ಜೀವಕೋಶಗಳಲ್ಲಿ ಅಕೋನಿಟೇಸ್ ಅನ್ನುವ ಕಿಣ್ವ ಸಿಟ್ರೇಟಿನಿಂದ ನೀರು ತೆಗೆದು ಸಿಸ್ ಅಕೋನಿಟೇಟ್ ಮಾಡಿ, ಮತ್ತೆ ಆ ನೀರನ್ನು ಪಕ್ಕದ ಜಾಗಕ್ಕೆ ಸೇರಿಸಿ ಐಸೊಸಿಟ್ರೇಟ್ ಮಾಡುತ್ತದೆ. ಮರಳಿನ ಬಾಣಲೆಯಲ್ಲಿ 175 ಡಿಗ್ರಿಗೆ ಆದದ್ದು ಮೈಯೊಳಗೆ 37ಕ್ಕೇ ಆಗುತ್ತಿದೆ. ಸೋಂಕಿನ ವಿರುದ್ಧ ಹೋರಾಡುವ ಮ್ಯಾಕ್ರೋಫೇಜ್ ಕೋಶಗಳು ಅದೇ ಸಿಸ್ ಅಕೋನಿಟೇಟಿನಿಂದ ಕಾರ್ಬನ್ ಡೈಆಕ್ಸೈಡ್ ತೆಗೆದು ಇಟಾಕೋನೇಟನ್ನೂ ಮಾಡುತ್ತವೆ. ಆ ಕೆಲಸ ಯಾವ ಜೀನಿನದು ಅಂತ ಖಚಿತವಾದದ್ದು 2013ರಲ್ಲಿ. ವೈವಾದಲ್ಲಿ ನಿಮ್ಮ ಪ್ರಯೋಗದಿಂದ ಏನು ಉಪಯೋಗ ಅಂತ ಕೇಳಿದರೆ ಇದನ್ನು ಹೇಳಿ. ಇಟಾಕೋನಿಕ್ ಆಮ್ಲ ಬಳಸುವ ಪ್ಲಾಸ್ಟಿಕ್ಕಿನ ಕಾರ್ಖಾನೆಗಳ ಪಟ್ಟಿ ಹೇಳುವುದಕ್ಕಿಂತ ಚೆನ್ನ.

ಕೊನೆಗೆ ತೊಳೆಯುವ ಕೆಲಸ. ಉಳಿದ ಆಮ್ಲದ ದ್ರಾವಣಗಳಿಗೆ ನೊರೆ ನಿಲ್ಲುವ ತನಕ ಸೋಡಾ ಹಾಕಿ, ಧಾರಾಳ ನೀರಿನ ಜೊತೆ ಚರಂಡಿಗೆ ಬಿಡಬಹುದು. ಸಲ್ಫ್ಯೂರಿಕ್ ಆಸಿಡ್ ಇದ್ದದ್ದನ್ನು ಮೊದಲು ಬಹಳಷ್ಟು ನೀರಿಗೆ ಸುರಿದು, ಆಮೇಲೆ ಸೋಡಾ. ಟ್ಯೂಬಿನ ತಳದ ಕಂದು ಅಂಟು ಬ್ರಷ್‌ಗೆ ಬಗ್ಗುವುದಿಲ್ಲ. ಬಿಸಿಯಾದ ವಾಷಿಂಗ್ ಸೋಡಾ ನೀರು ತುಂಬಿ ರಾತ್ರಿ ಬಿಡಿ. ಪರ್ಮಾಂಗನೇಟಿನ ಕಂದು ಕಲೆಗೆ ಆಕ್ಸಾಲಿಕ್ ಆಸಿಡ್ ಒಂದಿಷ್ಟು ಹಾಕಿ ಬೆಚ್ಚಗೆ ಮಾಡಿದರೆ ಆಯಿತು. ತೊಳೆಯದೆ ಸಿಂಕಿನಲ್ಲಿ ಬಿಟ್ಟುಹೋದ ಬ್ಯಾಚಿಗೆ ನಮ್ಮ ಅಟೆಂಡರ್ ಅಣ್ಣ ಮರುದಿನ ಟ್ಯೂಬು ಕೊಡುವುದಿಲ್ಲ, ನಾನೂ ಅವರಿಗೆ ಕೊಡಿ ಅನ್ನುವುದಿಲ್ಲ.